ನುಡಿದು ಬರೆಸುವುದೋ, ಒತ್ತಿ ಬರೆಯುವುದೋ?

ಪ್ರಶ್ನೆ: ಬಂಟ್ವಾಳದವನು, ದೃಷ್ಟಿ ಸಂಪೂರ್ಣವಾಗಿ ಇಲ್ಲ. ಮೂಡುಬಿದಿರೆಯ ಅಂಗಡಿಯೊಂದರಲ್ಲಿ ಗ್ರಾಹಕರ ವಾಟ್ಸಾಪ್ ಸಂದೇಶಗಳಿಗೆ ಉತ್ತರಿಸುತ್ತೇನೆ. ಮಾತಿನಿಂದ ಬರೆಸಿದರೆ ತಪ್ಪು, ಬೆರಳಿನಿಂದ ಒತ್ತಿದರೆ ತಡ. ಯಾವುದು ಲೇಸು?

ಉತ್ತರ: ಮಾನ್ಯರೇ, ಒಂದನ್ನು ಸ್ವೀಕರಿಸಿ ಮತ್ತೊಂದನ್ನು ತ್ಯಜಿಸಬೇಕಾಗಿಲ್ಲವಾದರೂ, ಹೆಸರು, ಬೆಲೆ, ವಿಳಾಸ, ಸಂಖ್ಯೆಗಳನ್ನು ಬೆರಳಿನಿಂದಲೇ ಬರೆಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಗೂಗಲಿನ ಕೀಲಿಮಣೆಯಾದ ಜಿಬೋರ್ಡಿನಲ್ಲಿ 2017ರಿಂದ ಕನ್ನಡ ಧ್ವನಿಬರಹದ ಸೌಕರ್ಯವುಂಟು, ಆದರೆ ಬಿ.ಸಿ. ರೋಡಿನ ಬಸ್ ನಿಲ್ದಾಣದ ಗದ್ದಲದಲ್ಲಿಯೂ, ನಮ್ಮ ಮಾತಿನ ನಡುವೆ ಸಹಜವಾಗಿ ಬರುವ ತುಳು ಪದಗಳಲ್ಲಿಯೂ ಅದು ಎಡವುವುದು. ಬೆಳ್ತಂಗಡಿಯಾಚೆ ಚಾರ್ಮಾಡಿಯ ಘಟ್ಟದಂಚಿನಲ್ಲಿ ಜಾಲಸಂಪರ್ಕ ಕ್ಷೀಣಿಸಿದಾಗ ಸ್ತಬ್ಧವಾಗಲೂಬಹುದು. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆಡುವ ಮಾತನ್ನೇ ಮೈಕು ಗ್ರಹಿಸದಂತೆ ಒಂದು ಕಿವಿಗೆ ಇಯರ್‌ಫೋನ್ ಧರಿಸಿ, ಚಿಕ್ಕ ವಾಕ್ಯಗಳನ್ನಷ್ಟೇ ನುಡಿದು, ಕಳುಹಿಸುವ ಮುನ್ನ ಪದಪದವಾಗಿ ಓದಿಸಿಕೊಳ್ಳಿ. ಈ ಪರಿಶೀಲನೆಯನ್ನು ಎಂದೂ ಬಿಡಬೇಡಿ.

ನಿಧಾನಕ್ಕೆ ಪರಿಹಾರವುಂಟು. ಕೀಲಿಯನ್ನು ಎರಡು ಬಾರಿ ತಟ್ಟುವ ಬದಲು, ಬೆರಳೆತ್ತಿದೊಡನೆಯೇ ಅಕ್ಷರ ಮೂಡುವ ಕ್ರಮವನ್ನು ಟಾಕ್‌ಬ್ಯಾಕಿನ ಸೆಟ್ಟಿಂಗ್ಸಿನಲ್ಲಿ ಆರಿಸಿ. ಬ್ರೈಲ್ ಬಲ್ಲಿರಾದರೆ, 2020ರಲ್ಲಿ ಟಾಕ್‌ಬ್ಯಾಕಿಗೆ ಸೇರಿದ ಆರು ಚುಕ್ಕೆಗಳ ಕೀಲಿಮಣೆಯನ್ನು ಪ್ರತಿದಿನವೂ ಸ್ವಲ್ಪ ಹೊತ್ತು ಅಭ್ಯಸಿಸಿ. ನನ್ನ ಮಟ್ಟಿಗೆ ಅದೇ ಶ್ರೇಷ್ಠ ಮಾರ್ಗ, ಏಕೆಂದರೆ ಅಲ್ಲಿ ಕೀಲಿಯನ್ನು ಅರಸುತ್ತ ಬೆರಳನ್ನು ಪರದೆಯ ಮೇಲೆಲ್ಲ ಆಡಿಸಬೇಕಾಗಿಲ್ಲ. ಒಟಿಪಿ, ಪಿನ್‌ಗಳನ್ನು ಮಾತ್ರ ಎಂದಿಗೂ ಬಾಯಿಂದ ಹೇಳಬೇಡಿ.

ಒತ್ತಿ ಬರೆದು ಬರೆದು ಮಣಿಕಟ್ಟಿನಲ್ಲಿ ನೋವೋ ಜೋಮೋ ಕಾಣಿಸಿ ಕೆಲವು ದಿನ ಉಳಿದರೆ ಮೂಳೆ ವೈದ್ಯರನ್ನು ಕಾಣಿರಿ. ಬ್ಯಾಂಕಿನ ಆ್ಯಪಿನ ಕೀಲಿಗಳನ್ನು ಟಾಕ್‌ಬ್ಯಾಕ್ ಓದದಿದ್ದಲ್ಲಿ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವನ್ನು ಉಲ್ಲೇಖಿಸಿ ಶಾಖೆಗೆ ಲಿಖಿತ ದೂರನ್ನು ಸಲ್ಲಿಸಿ, ಸ್ವೀಕೃತಿಯನ್ನು ಕೇಳಿ ಪಡೆಯಿರಿ.