ಗಣಕದ ಸ್ಮೃತಿಯಲ್ಲಿ ನಾಲ್ಕು ಊರುಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದ ಮೇಲೆ ಇಪ್ಪತ್ತು ವರ್ಷಗಳ ಕಾಲ ಇಂದಿನ ವಿಜಯಪುರ ಜಿಲ್ಲೆಯಲ್ಲಿ ಜಿಲ್ಲಾ ಕೇಂದ್ರವನ್ನು ಬಿಟ್ಟರೆ ಇದ್ದ ತಾಲ್ಲೂಕುಗಳು ಇವೇ ನಾಲ್ಕು. ಕಾಗದದ ಮೇಲೆ ಈ ಹೆಸರುಗಳನ್ನು ಬರೆಯಲು ಒಂದು ಸಾಲು ಸಾಕು. ಗಣಕಯಂತ್ರದ ಸ್ಮೃತಿಯಲ್ಲಿ ಅವನ್ನು ಇರಿಸಬೇಕಾದರೆ ಎಷ್ಟು ಸ್ಥಳ ಬೇಕು, ಆ ಸ್ಥಳವನ್ನು ಕೊಡುವವರಾರು, ಕೆಲಸ ಮುಗಿದ ಮೇಲೆ ಅದನ್ನು ಮರಳಿಸುವವರಾರು ಎಂಬುದನ್ನು ವಿಚಾರ ಮಾಡೋಣ. ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು.

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ‘ಸಿ’ ಭಾಷೆಯು ಬಹು ಮಿತಭಾಷಿ. ತಾನಾಗಿ ಬೆಳೆಯುವ ಪಟ್ಟಿಯಾಗಲಿ, ಹೆಸರನ್ನು ಹೇಳಿದೊಡನೆ ವಿವರವನ್ನು ಒದಗಿಸುವ ಕೋಷ್ಟಕವಾಗಲಿ ಅದರಲ್ಲಿ ಹುಟ್ಟಿನಿಂದ ಬಂದಿಲ್ಲ. ‘ಮ್ಯಾಲಕ್’ ಎಂದು ಕೇಳಿದರೆ ಸ್ಮೃತಿಯ ಒಂದು ತುಂಡು ದೊರೆಯುತ್ತದೆ. ‘ಫ್ರೀ’ ಎಂದರೆ ಅದು ಮರಳುತ್ತದೆ. ಉಳಿದುದೆಲ್ಲವೂ ಬರೆಯುವವನ ಹೊಣೆ. ಪ್ರತಿಯೊಬ್ಬನೂ ಇದನ್ನೆಲ್ಲ ಹೊಸದಾಗಿ ಕಟ್ಟಬೇಕಾದ ಶ್ರಮವನ್ನು ತಪ್ಪಿಸುವುದಕ್ಕಾಗಿ ಉಪಯುಕ್ತ ಕ್ರಮವಿಧಿಗಳ ಸಂಗ್ರಹಗಳು, ಅಂದರೆ ಲೈಬ್ರರಿಗಳು, ಹುಟ್ಟಿಕೊಂಡವು. ಅವುಗಳಲ್ಲಿ ಪ್ರಸಿದ್ಧವಾದುದು ‘ಜಿಲಿಬ್’. 1990ರ ದಶಕದಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳಾದ ಪೀಟರ್ ಮ್ಯಾಟಿಸ್ ಮತ್ತು ಸ್ಪೆನ್ಸರ್ ಕಿಂಬಲ್ ‘ಗಿಂಪ್’ ಎಂಬ ಚಿತ್ರಸಾಧನವನ್ನು ನಿರ್ಮಿಸುವಾಗ ಹುಟ್ಟಿದ ಸಾಮಗ್ರಿಯಿಂದ ಇದು ಬೇರ್ಪಟ್ಟು ಸ್ವತಂತ್ರವಾಯಿತು.

ಮೊದಲು ಸ್ಥಳದ ಲೆಕ್ಕ. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಸಂಕೇತವೆಂದರೆ ನಾವು ಎಣಿಸುವ ಅಕ್ಷರವಲ್ಲ: ‘ಡಿ’ ಎಂಬುದರಲ್ಲಿ ‘ಡ’ ಒಂದು, ಗುಡಿಸು ಇನ್ನೊಂದು. ಹೀಗೆ ಎಣಿಸಿದರೆ ಇಂಡಿಗೆ 12, ಸಿಂದಗಿಗೆ 18, ಮುದ್ದೇಬಿಹಾಳಕ್ಕೆ 33, ಬಸವನ ಬಾಗೇವಾಡಿಗೆ ನಡುವಣ ತೆರಪೂ ಸೇರಿ 37 ಬೈಟುಗಳು. ಕೂಡಿಸಿ ನೋಡಿ, ಸರಿಯಾಗಿ ನೂರು! ಪ್ರತಿ ಹೆಸರಿನ ಅಂತ್ಯದಲ್ಲಿ ‘ಇಲ್ಲಿಗೆ ಮುಗಿಯಿತು’ ಎಂದು ಸೂಚಿಸುವ ಒಂದು ಸೊನ್ನೆಯ ಬೈಟನ್ನು ಸಿ ಭಾಷೆ ಬೇಡುವುದರಿಂದ ಒಟ್ಟು 104.

ಈ ಸೊನ್ನೆಯನ್ನು ಮರೆತರೆ ಆಗುವ ಅನರ್ಥ ಸಣ್ಣದಲ್ಲ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ಕನ್ನಡ ಲಿಪಿಯಲ್ಲಿ ಎರಡು ಹೆಸರುಗಳಿಗೂ ಏಳೇಳು ಸಂಕೇತ, ಇಪ್ಪತ್ತೊಂದು ಬೈಟು; ಹಳೆಯದರ ಜಾಗದಲ್ಲಿ ಹೊಸದು ಅಚ್ಚುಕಟ್ಟಾಗಿ ಕೂರುತ್ತದೆ. ರೋಮನ್ ಲಿಪಿಯಲ್ಲಾದರೋ ಹಳೆಯದಕ್ಕೆ ಏಳು, ಹೊಸದಕ್ಕೆ ಹತ್ತು ಅಕ್ಷರ. ಹಳೆಯ ಹೆಸರಿಗೆಂದು ಸೊನ್ನೆ ಸೇರಿ ಎಂಟೇ ಬೈಟು ಕಾದಿರಿಸಿದ ಕ್ರಮವಿಧಿಯಲ್ಲಿ ಹೊಸ ಹೆಸರನ್ನು ಬರೆದರೆ ಮೂರು ಬೈಟು ನೆರೆಯವನ ಹೊಲಕ್ಕೆ ನುಗ್ಗುತ್ತವೆ. ಅಲ್ಲಿದ್ದ ಅಂಕಿ ಸದ್ದಿಲ್ಲದೆ ಅಳಿಯುತ್ತದೆ. ಸಿ ಭಾಷೆ ಎಚ್ಚರಿಸುವುದಿಲ್ಲ. ಮಿತಿಯನ್ನು ಮೀರಿ ಓದುವುದೂ ಅಷ್ಟೇ ಅಪಾಯಕರ. ಅದೇ 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ಎಂಬ ದೋಷದಿಂದ, ಅಂತರಜಾಲದ ಗುಟ್ಟುಗಳನ್ನು ಕಾಯಬೇಕಾಗಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯೇ ಒಂದೊಂದು ಸಲಕ್ಕೆ 64 ಕಿಲೋಬೈಟುಗಳವರೆಗೆ ಪರರ ಸ್ಮೃತಿಯನ್ನು ಕೇಳಿದವರಿಗೆ ಒಪ್ಪಿಸುತ್ತಿತ್ತು. ಜಿಲಿಬ್‌ನ ‘ಜಿ-ಸ್ಟ್ರಿಂಗ್’ ಬರಹದೊಡನೆ ಅದರ ಉದ್ದವನ್ನೂ ಕಾದಿರಿಸಿದ ಸ್ಥಳವನ್ನೂ ಬರೆದಿಟ್ಟುಕೊಳ್ಳುತ್ತದೆ. ಅದರ ಕಾರ್ಯಗಳ ಮೂಲಕವೇ ಬರಹವನ್ನು ಸೇರಿಸುತ್ತಿದ್ದರೆ, ಸಾಲದಾದಾಗ ತಾನೇ ದೊಡ್ಡ ತುಂಡನ್ನು ಪಡೆಯುತ್ತದೆ.

ಈ ತುಂಡುಗಳು ಬರುವ ಭಂಡಾರಕ್ಕೆ ಗಣಕಶಾಸ್ತ್ರಜ್ಞರು ಇಟ್ಟಿರುವ ಹೆಸರನ್ನು ಕನ್ನಡಿಸಿದರೆ ‘ರಾಶಿ’ ಎಂದಾಗುತ್ತದೆ. ಜೋಳದ ರಾಶಿಯನ್ನು ಕಂಡವರಿಗೆ ಈ ಮಾತು ಹಿಡಿಸೀತು. ಆದರೆ ಹೋಲಿಕೆಗೆ ಹಗೇವೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ, ಏಕೆಂದರೆ ಅಲ್ಲಿಂದ ಕಾಳು ಅಳತೆಯ ಪ್ರಕಾರ ಹೊರಬರುತ್ತದೆ. ಗಣಕದ ಅಳತೆಯೂ ಕೊಂಚ ಒರಟು. 64 ಬಿಟ್ಟುಗಳ ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಇಂಡಿಗೆಂದು 13 ಬೈಟು ಕೇಳಿದರೆ 32 ಬೈಟುಗಳ ತುಂಡು ಖರ್ಚಾಗುತ್ತದೆ. ನಾಲ್ಕು ಹೆಸರುಗಳಿಗೆ ನಾವು ಕೇಳಿದ್ದು 104, ವ್ಯಯವಾದದ್ದು 160. ಸಣ್ಣ ತುಂಡುಗಳ ಈ ಪೋಲನ್ನು ತಡೆಯಲು ಜಿಲಿಬ್ 2006ರಲ್ಲಿ ತನ್ನದೇ ಹಂಚಿಕೆಯ ವ್ಯವಸ್ಥೆಯೊಂದನ್ನು ತಂದಿತು. ಕಾಲಕ್ರಮದಲ್ಲಿ ಯಂತ್ರದ ಸ್ವಂತ ಹಂಚಿಕೆಯೇ ಸುಧಾರಿಸಿದ್ದರಿಂದ 2023ರಲ್ಲಿ ಅದನ್ನು ಕೈಬಿಟ್ಟಿತು.

ಇನ್ನು ಪಟ್ಟಿಗಳ ಮಾತು. 2017ರಲ್ಲಿ ಹೊಸ ತಾಲ್ಲೂಕುಗಳು ಘೋಷಿತವಾಗಿ, ಇಂಡಿಯ ಪಕ್ಕದಲ್ಲಿ ಚಡಚಣ, ಸಿಂದಗಿಯ ಮಗ್ಗುಲಿಗೆ ದೇವರ ಹಿಪ್ಪರಗಿ, ಮುದ್ದೇಬಿಹಾಳದ ಬಳಿ ತಾಳಿಕೋಟೆ, ಬಾಗೇವಾಡಿಯ ಕಡೆ ಕೊಲ್ಹಾರ, ನಿಡಗುಂದಿ ಮುಂತಾದವು ಸೇರಿದವು. ಐದೇ ಮನೆಗಳ ಸಾಲನ್ನು ಕಟ್ಟಿಕೊಂಡಿದ್ದವನು ಈಗ ಏನು ಮಾಡಬೇಕು? ದೊಡ್ಡ ಸಾಲನ್ನು ಬೇರೆಡೆ ಪಡೆದು ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು. ಒಂದೊಂದೇ ಮನೆ ಹೆಚ್ಚಿಸುತ್ತ ಪ್ರತಿ ಸಲವೂ ಸಾಗಿಸಿದರೆ, ಸಾವಿರ ಹೆಸರು ತುಂಬುವಷ್ಟರಲ್ಲಿ 4,99,500 ಸಾಗಣೆಗಳಾಗುತ್ತವೆ. ಪ್ರತಿ ಸಲ ಸ್ಥಳವನ್ನು ಇಮ್ಮಡಿಸಿದರೆ 1,023 ಮಾತ್ರ. ಆದರೆ ಸಾಗಣೆಯಾದ ಮೇಲೆ ಹಳೆಯ ವಿಳಾಸವನ್ನು ಯಾರಾದರೂ ಬರೆದಿಟ್ಟುಕೊಂಡಿದ್ದರೆ, ಅದು ಬಿಟ್ಟುಹೋದ ಮನೆಯ ವಿಳಾಸವಾಗಿರುತ್ತದೆ.

ಸರಪಣಿಯಲ್ಲಿ ಈ ತೊಂದರೆಯಿಲ್ಲ. ಇಂಡಿಯ ಕೊಂಡಿಯಲ್ಲಿ ಸಿಂದಗಿಯ ಕೊಂಡಿಯ ವಿಳಾಸ, ಸಿಂದಗಿಯದರಲ್ಲಿ ಮುದ್ದೇಬಿಹಾಳದ್ದು. ಹೊಸದು ಬಂದರೆ ಯಾವುದನ್ನೂ ಕದಲಿಸಬೇಕಾಗಿಲ್ಲ. ಆದರೆ ತುದಿಗೆ ಸೇರಿಸಲು ಪ್ರತಿಸಲವೂ ಮೊದಲಿನಿಂದ ನಡೆಯಬೇಕು. ಆದುದರಿಂದ ಬಲ್ಲವರು ಮುಂದುಗಡೆಗೇ ಸೇರಿಸುತ್ತ ಹೋಗಿ, ಕೊನೆಗೆ ಒಮ್ಮೆ ಸರಪಣಿಯನ್ನು ತಿರುಗಿಸುತ್ತಾರೆ.

ಎಲ್ಲಕ್ಕಿಂತ ಸ್ವಾರಸ್ಯವಾದುದು ಹ್ಯಾಶ್ ಕೋಷ್ಟಕ. ಏಳು ಪೆಟ್ಟಿಗೆಗಳನ್ನು 0ಯಿಂದ 6ರವರೆಗೆ ಸಾಲಾಗಿ ಇಟ್ಟಿದ್ದೇವೆಂದು ಭಾವಿಸೋಣ. ಹೆಸರಿನಿಂದಲೇ ಪೆಟ್ಟಿಗೆಯ ಸಂಖ್ಯೆಯನ್ನು ಹೊರಡಿಸಬೇಕು. ಮೊದಲ ಬೈಟನ್ನು ನೋಡಿ ಹಂಚೋಣವೆಂದರೆ, ಕನ್ನಡದ ಪ್ರತಿ ಸಂಕೇತದ ಮೊದಲ ಬೈಟೂ 224; ಕನ್ನಡ ನಿಘಂಟೆಲ್ಲವೂ ಒಂದೇ ಪೆಟ್ಟಿಗೆಗೆ ಬೀಳುತ್ತದೆ! ಆದುದರಿಂದ ಎಲ್ಲ ಬೈಟುಗಳನ್ನೂ ಕೂಡಿಸಿ ಏಳರಿಂದ ಭಾಗಿಸಿ ಶೇಷವನ್ನು ತೆಗೆದುಕೊಳ್ಳೋಣ. ಇಂಡಿಯ ಮೊತ್ತ 2225, ಶೇಷ 6. ಸಿಂದಗಿ 3425, ಶೇಷ 2. ಮುದ್ದೇಬಿಹಾಳ 6253, ಶೇಷ ಪುನಃ 2. ಬಸವನ ಬಾಗೇವಾಡಿ 6933, ಶೇಷ 3.

ಎರಡನೆಯ ಪೆಟ್ಟಿಗೆಗೆ ಇಬ್ಬರು ಹಕ್ಕುದಾರರಾದರು. ಸಿಂದಗಿ ಮೊದಲು ಬಂದು ಕುಳಿತಿದೆ. ಮುದ್ದೇಬಿಹಾಳವನ್ನು ಮುಂದಿನ ಖಾಲಿ ಪೆಟ್ಟಿಗೆಯಾದ 3ಕ್ಕೆ ಕಳುಹಿಸೋಣ. ಆಗ ನ್ಯಾಯವಾಗಿ 3ಕ್ಕೆ ಬರಬೇಕಾದ ಬಾಗೇವಾಡಿ 4ಕ್ಕೆ ಸರಿಯುತ್ತದೆ. ಹುಡುಕುವಾಗಲೂ ಇದೇ ಕ್ರಮ: ಖಾಲಿ ಪೆಟ್ಟಿಗೆ ಎದುರಾಗುವವರೆಗೆ ಮುಂದೆ ಸಾಗಬೇಕು. ಈಗ ಮುದ್ದೇಬಿಹಾಳವನ್ನು ತೆಗೆದುಹಾಕಿ, 3ನ್ನು ಖಾಲಿಯೆಂದು ಗುರುತಿಸಿದೆವೆನ್ನಿ. ಅನಂತರ ಬಾಗೇವಾಡಿಯನ್ನು ಹುಡುಕಿದರೆ 3ರಲ್ಲಿ ಶೂನ್ಯವನ್ನು ಕಂಡು ‘ಅಂಥ ಊರಿಲ್ಲ’ ಎಂಬ ಉತ್ತರ ಬರುತ್ತದೆ. ಊರಾದರೋ 4ರಲ್ಲಿ ಸುಖವಾಗಿದೆ! ಇದಕ್ಕೆ ಪರಿಹಾರವೆಂದರೆ ತೆರವಾದ ಪೆಟ್ಟಿಗೆಯಲ್ಲಿ ‘ಇಲ್ಲಿ ಹಿಂದೊಬ್ಬನಿದ್ದನು, ಮುಂದೆ ನೋಡು’ ಎಂಬ ಗುರುತನ್ನು ನೆಡುವುದು. ಜಿಲಿಬ್ ಇದನ್ನು ಸಮಾಧಿಶಿಲೆಯೆಂದೇ ಕರೆಯುತ್ತದೆ. ಎಂದೂ ತುಂಬದ ಪೆಟ್ಟಿಗೆಗೆ 0, ತೆರವಾದುದಕ್ಕೆ 1 ಎಂಬುದು ಅದರ ಸಂಕೇತ. ಅದು ಪಕ್ಕದ ಪೆಟ್ಟಿಗೆಗಳಲ್ಲಿ ಗುಂಪುಗೂಡದಂತೆ ಒಂದು, ಎರಡು, ಮೂರು ಎಂದು ಹೆಜ್ಜೆಯನ್ನು ಹಿಗ್ಗಿಸುತ್ತ ಸಾಗುತ್ತದೆ. ಬರೀ ಮೊತ್ತವನ್ನೂ ಅದು ನೆಚ್ಚುವುದಿಲ್ಲ, ಏಕೆಂದರೆ ‘ಸರ’ ಮತ್ತು ‘ರಸ’ಗಳ ಮೊತ್ತ ಒಂದೇ. 5381ರಿಂದ ಆರಂಭಿಸಿ, ಪ್ರತಿ ಹೆಜ್ಜೆಗೂ 33ರಿಂದ ಗುಣಿಸಿ ಮುಂದಿನ ಬೈಟನ್ನು ಕೂಡಿಸುವ, ಡೇನಿಯಲ್ ಬರ್ನ್‌ಸ್ಟೈನ್ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನವನ್ನು ಬರಹಗಳಿಗೆ ಬಳಸುತ್ತದೆ.

ಕನ್ನಡದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ‘ದೇ’ಯಲ್ಲಿರುವ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ ಮತ್ತು ದೀರ್ಘಚಿಹ್ನೆಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಮುದ್ದೇಬಿಹಾಳವೇ. ಬೈಟುಗಳಲ್ಲಿ ಒಂದು 33, ಇನ್ನೊಂದು 36. ಕೋಷ್ಟಕಕ್ಕೆ ಅವು ಎರಡು ಊರುಗಳು. ಹಾಕುವ ಮೊದಲೇ ಒಂದು ರೂಪಕ್ಕೆ ತರುವ ಕಾರ್ಯವೂ ಜಿಲಿಬ್‌ನಲ್ಲಿದೆ, ಆದರೆ ಅದನ್ನು ನಾವಾಗಿ ಕರೆಯಬೇಕು.

ಕಡೆಗೆ, ಮರಳಿಸುವವರಾರು? ಕೋಷ್ಟಕದಲ್ಲಿ ಇರುವುದು ಹೆಸರುಗಳಲ್ಲ, ಹೆಸರುಗಳ ವಿಳಾಸಗಳು. ಕೋಷ್ಟಕವನ್ನು ಕೆಡವಿದಾಗ ಪೆಟ್ಟಿಗೆಗಳು ಮರಳುತ್ತವೆಯೇ ಹೊರತು ಹೆಸರುಗಳು ಮರಳುವುದಿಲ್ಲ. ಹೆಸರುಗಳನ್ನು ಜಿಲಿಬ್ ತಾನಾಗಿ ಕೆಡವುವಂತಿಲ್ಲ. ಅವೇ ಹೆಸರುಗಳನ್ನು ಇನ್ನೊಂದು ಪಟ್ಟಿ ತೋರಿಸುತ್ತಿರಬಹುದು, ಆಗ ಆ ಪಟ್ಟಿಯ ವಿಳಾಸಗಳೆಲ್ಲ ಸುಳ್ಳಾಗುತ್ತವೆ. ಇಬ್ಬರೂ ಒಂದನ್ನೇ ಮರಳಿಸಿದರೆ ಭಂಡಾರದ ಲೆಕ್ಕವೇ ಕೆಡುತ್ತದೆ. ಯಾರೂ ಮರಳಿಸದಿದ್ದರೆ ಸೋರಿಕೆ. ಆದುದರಿಂದ ಕೋಷ್ಟಕವನ್ನು ಕಟ್ಟುವಾಗಲೇ ‘ಹೆಸರುಗಳ ಒಡೆತನ ನಿನ್ನದು, ಕೆಡವುವ ವಿಧಾನ ಇದು’ ಎಂದು ತಿಳಿಸುವ ಅವಕಾಶವನ್ನು ಜಿಲಿಬ್ ಇಟ್ಟಿದೆ. ಒಡೆಯರು ಹಲವರಾದರೆ, ಎಷ್ಟು ಮಂದಿ ಹಿಡಿದಿದ್ದಾರೆಂಬ ಎಣಿಕೆಯನ್ನು ವಸ್ತುವಿನಲ್ಲೇ ಬರೆದು, ಅದು ಸೊನ್ನೆಯಾದಾಗ ಕೆಡವುವ ಪದ್ಧತಿಯೂ ಉಂಟು.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ನಾಲ್ಕು ಹೆಸರುಗಳ ನಕಲುಗಳನ್ನು ಕೋಷ್ಟಕಕ್ಕೆ ಹಾಕಿ, ಒಡೆತನವನ್ನು ತಿಳಿಸದೆ ಕೋಷ್ಟಕವನ್ನು ಮಾತ್ರ ಕೆಡವಿ, ಸೋರಿಕೆಯನ್ನು ಪತ್ತೆಹಚ್ಚುವ ‘ವಾಲ್‌ಗ್ರಿಂಡ್’ ಎಂಬ ಸಾಧನದಡಿಯಲ್ಲಿ ಕ್ರಮವಿಧಿಯನ್ನು ಓಡಿಸಿರಿ. ಕಳೆದುಹೋದ ನಾಲ್ಕು ತುಂಡುಗಳು ಅದರ ವರದಿಯಲ್ಲಿ ಸಿಕ್ಕಬೇಕು: 13, 19, 34, 38, ಒಟ್ಟು 104 ಬೈಟುಗಳು.