ಕಿಟಕಿಯ ಬಿಸಿಲು ಮತ್ತು ಅಕ್ಕನ ಪೀಸ್ ಲಿಲ್ಲಿ

ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಅಕ್ಕ ತನ್ನ ಪೀಸ್ ಲಿಲ್ಲಿಯ ಕುಂಡವನ್ನು ನನಗೆ ಒಪ್ಪಿಸಿದ್ದಳು. ಮೂರು ವರ್ಷ ಹಜಾರದ ಮೂಲೆಯಲ್ಲೇ ಇದ್ದ ಗಿಡ ಅದು. ಹೂ ಬಿಡುತ್ತಿಲ್ಲ, ಬಿಸಿಲು ಸಾಲದೇನೋ ಎಂದುಕೊಂಡು ಮಾರ್ಚ್ ತಿಂಗಳಲ್ಲಿ ಅದನ್ನು ಪಶ್ಚಿಮದ ಕಿಟಕಿಗೆ ತಂದಿಟ್ಟೆ. ನಾಲ್ಕೇ ದಿನಗಳಲ್ಲಿ ಎಲೆಗಳ ಮೇಲೆ ಬಿಳಚಿದ ಮಚ್ಚೆಗಳು ಕಾಣಿಸಿಕೊಂಡವು. ಆಮೇಲೆ ಅವು ಕಂದಾಗಿ, ಮುಟ್ಟಿದರೆ ಕಾಗದದಂತೆ ಸದ್ದು ಮಾಡತೊಡಗಿದವು. ನೀರು ಕಡಿಮೆಯಾಗಿರಬೇಕೆಂದು ಇನ್ನಷ್ಟು ಸುರಿದೆ. ಅದು ಎರಡನೇ ತಪ್ಪು.

ಉತ್ತರ ನಮ್ಮ ಪ್ರಥಮ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲೇ ಇತ್ತು. ಪೂರ್ಣ ಬಿಸಿಲಿನ ಶೇ. 10ರಷ್ಟು ಬೆಳಕಿನಲ್ಲೇ ದ್ಯುತಿಸಂಶ್ಲೇಷಣೆ ತನ್ನ ಮಿತಿ ತಲುಪುತ್ತದೆ, ಬೆಳಕು ಅತಿಯಾದರೆ ಕ್ಲೋರೋಫಿಲ್ ಒಡೆಯುತ್ತದೆ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕಿಟಕಿಯ ಬಳಿ ಮಾತ್ರ ಅದು ನೆನಪಿಗೆ ಬರಲಿಲ್ಲ!

ಪೀಸ್ ಲಿಲ್ಲಿಯ ಮೂಲ ಅಮೆರಿಕ ಖಂಡದ ಮಳೆಕಾಡುಗಳು. ಅಲ್ಲಿನ ದಟ್ಟ ಮರಗಳ ಕೆಳಗೆ ನೆಲಕ್ಕೆ ಬೀಳುವುದು ಬಿಸಿಲಿನ ಶೇ. 1–2ರಷ್ಟು ಬೆಳಕು ಮಾತ್ರ. ಅದಕ್ಕೇ ಅದರ ಎಲೆ ಅಗಲ, ತೆಳು. ಸಿಕ್ಕ ಅಲ್ಪ ಬೆಳಕನ್ನು ಹಿಡಿಯುವುದೇ ಅದರ ಕೆಲಸ. ನೇರ ಬಿಸಿಲು ಬಿದ್ದಾಗ ಹೀರಿಕೊಂಡ ಶಕ್ತಿಯನ್ನೆಲ್ಲ ಬಳಸಲಾಗದೆ, ಎಲೆಯೊಳಗೆ ಹಾನಿಕಾರಕ ಆಮ್ಲಜನಕ ರೂಪಗಳು ಹುಟ್ಟಿ ಕೋಶಗಳನ್ನು ಕೆಡಿಸುತ್ತವೆ.

ನಮ್ಮ ಕಣ್ಣು ಕೂಡಲೇ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ. ಮಧ್ಯಾಹ್ನದ ಬಯಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕಿರುತ್ತದೆ. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್‌ನಲ್ಲಿ ನಮ್ಮ ಹಜಾರದ ಮೂಲೆ 150 ತೋರಿಸಿತು, ಕಿಟಕಿಯ ಬಿಸಿಲು 40,000 ದಾಟಿತು. ಮೊಬೈಲಿನ ಅಳತೆ ಅಷ್ಟು ನಿಖರವಲ್ಲ, ಆದರೆ ಹೋಲಿಕೆಗೆ ಸಾಕು. ಗಾಜು ಇದೆಯಲ್ಲ ಎಂದು ಉಮ್ಮ ಕೇಳಿದರು. ಗಾಜು ತಡೆಯುವುದು ಅತಿನೇರಳೆ ಕಿರಣಗಳ ಒಂದು ಭಾಗವನ್ನು. ಬೆಳಕೂ ಬಿಸಿಯೂ ಬಹುಪಾಲು ಒಳಗೆ ಬರುತ್ತವೆ, ಎಲೆ ತಂಪಾಗಿಸುವ ಗಾಳಿ ಮಾತ್ರ ಬರುವುದಿಲ್ಲ.

ಇಂಗ್ಲಿಷ್ ವಿಡಿಯೋಗಳಲ್ಲಿ ಹೇಳುವ 'ದಕ್ಷಿಣದ ಕಿಟಕಿ' ಚಳಿದೇಶದ ಲೆಕ್ಕ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಜೂನ್‌ನಲ್ಲಿ ಉತ್ತರಕ್ಕೆ ವಾಲುತ್ತಾನೆ. ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಕ್ಕೆ ಚಾಚುವುದು ಡಿಸೆಂಬರ್ ಆಸುಪಾಸಿನಲ್ಲಿ. ನನ್ನ ಅನುಭವದಲ್ಲಿ ಪೂರ್ವದ ಕಿಟಕಿಯೇ ಒಳ್ಳೆಯದು. ಬೆಳಗಿನ ಒಂದೆರಡು ಗಂಟೆಯ ಬಿಸಿಲನ್ನು ಮನಿ ಪ್ಲಾಂಟ್ ತಡೆದುಕೊಳ್ಳುತ್ತದೆ. ಆಫ್ರಿಕಾ ಮೂಲದ ಸ್ನೇಕ್ ಪ್ಲಾಂಟ್ ಅದಕ್ಕಿಂತ ಹೆಚ್ಚನ್ನೂ ತಾಳುತ್ತದೆ. ಪೀಸ್ ಲಿಲ್ಲಿ, ಕ್ಯಾಲಥಿಯಾಗಳಿಗೆ ಪರದೆಯ ಹಿಂದಿನ ಬೆಳಕೇ ಲೇಸು.

ಜಾಗ ಬದಲಿಸಲೇಬೇಕೆಂದರೆ ಎರಡು ವಾರ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಸರಿಸಬೇಕು. ನೆರಳಿನಲ್ಲಿ ಬೆಳೆದ ಹಳೆಯ ಎಲೆ ಪೂರ್ತಿ ಬಿಸಿಲಿನ ಎಲೆಯಾಗದು, ಹೊಸದಾಗಿ ಬರುವ ಎಲೆ ಸಿಗುವ ಬೆಳಕಿಗೆ ತಕ್ಕಂತೆ ರೂಪುಗೊಳ್ಳುತ್ತದೆ. ಸುಟ್ಟ ಭಾಗವಂತೂ ಮತ್ತೆ ಹಸಿರಾಗುವುದಿಲ್ಲ.

ಐದು ಎಲೆ ಕತ್ತರಿಸಿ, ಮಣ್ಣು ಒಣಗಲು ಬಿಟ್ಟು, ಕುಂಡವನ್ನು ಪೂರ್ವದ ಕಿಟಕಿಯಿಂದ ನಾಲ್ಕಡಿ ದೂರದಲ್ಲಿಟ್ಟಿದ್ದೇನೆ. ಈಗ ಸುರುಳಿ ಸುತ್ತಿದ ಒಂದು ಹೊಸ ಎಲೆ ಬರುತ್ತಿದೆ. ಅಕ್ಕ ಹಬ್ಬಕ್ಕೆ ಬರುತ್ತಾಳಂತೆ. ಆ ಐದು ಎಲೆಗಳ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.