ಮೊದಲು ಟ್ಯಾಂಕು ನೋಡು, ತಮ್ಮಾ

ತಮ್ಮಾ, ಸಿಂಧನೂರಿನಲ್ಲಿ ಸ್ವಂತ ಅಂಗಡಿ ಹಾಕುತ್ತೀ ಎಂದು ಕೇಳಿ ಬಹಳ ಸಂತೋಷವಾಯಿತು. ಪಾನಾ ಹಿಡಿಯಲು ನಿನಗೆ ಬರುತ್ತದೆ, ನನಗೆ ಗೊತ್ತು. ಆದರೆ ಸಣ್ಣ ಎಂಜಿನ್ ಒಂದು ಚಾಲೂ ಆಗಲಿಲ್ಲ ಎಂದ ಕೂಡಲೇ ಕಾರ್ಬೊರೇಟರ್ ಬಿಚ್ಚುವ ಅವಸರ ನಿನ್ನ ಕೈಯಲ್ಲಿದೆ. ಅದಕ್ಕಾಗಿ ಈ ನಾಲ್ಕು ಮಾತು.

ನಿನ್ನ ಬಾಗಿಲಿಗೆ ಏನೇನು ಬರುತ್ತದೆ ಎಂದು ಈಗಲೇ ಹೇಳಬಲ್ಲೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನೆಲ್ಲಿನ ಸೀಮೆಯಿಂದ ಬೆನ್ನಿಗೆ ಕಟ್ಟುವ ಪವರ್ ಸ್ಪ್ರೇಯರ್‌ಗಳು, ಕಾಲುವೆಯಿಂದ ನೀರೆತ್ತುವ ಪೆಟ್ರೋಲ್ ಮತ್ತು ಸೀಮೆಎಣ್ಣೆ ಪಂಪ್‌ಗಳು. ಲಿಂಗಸುಗೂರು ಕಡೆಯ ಎರೆ ಹೊಲಗಳಿಂದ ಹತ್ತಿ, ತೊಗರಿಗೆ ಹೊಡೆಯುವ ಸ್ಪ್ರೇಯರ್‌ಗಳು, ಏರ್ ಫಿಲ್ಟರ್ ತುಂಬ ಕರಿ ಧೂಳು ಹೊತ್ತುಕೊಂಡು. ಮಸ್ಕಿಯಿಂದ ಎರಡು ಬಗೆಯವೂ ಬರುತ್ತವೆ. ಜೊತೆಗೆ ಬದುವಿನ ಹುಲ್ಲು ಕತ್ತರಿಸುವ ಬ್ರಷ್ ಕಟರ್. ಎರಡನೇ ಬೆಳೆಗೆ ನೀರು ಸಿಗದ ವರ್ಷ ಇವೆಲ್ಲ ನಿಂತೇ ಇರುತ್ತವೆ. ಎಂಜಿನ್ ಕೆಡುವುದು ಓಡುವಾಗ ಕಡಿಮೆ, ಪೆಟ್ರೋಲ್ ತುಂಬಿಕೊಂಡು ಮೂಲೆಯಲ್ಲಿ ನಿಂತಾಗಲೇ ಹೆಚ್ಚು.

ಆದ್ದರಿಂದ ರೈತನನ್ನು ಮೊದಲು ಕೂಡಿಸಿ ಕೇಳು: ಕೊನೆಗೆ ಓಡಿಸಿದ್ದು ಯಾವಾಗ? ಎಣ್ಣೆ ಎಲ್ಲಿ ತಂದದ್ದು, ಯಾವುದರಲ್ಲಿ ತಂದದ್ದು? ನಮ್ಮ ಹಳ್ಳಿಗಳಲ್ಲಿ, ಕ್ಯಾಂಪು ಊರುಗಳಲ್ಲಿ ಪೆಟ್ರೋಲ್ ಹೊಲಕ್ಕೆ ಹೋಗುವುದು ಕುಡಿಯುವ ನೀರಿನ ಬಾಟಲಿಯಲ್ಲಿ. ಎಣ್ಣೆ ಕೆಡಲು ತಳದಲ್ಲಿ ಉಳಿದ ಒಂದು ಗುಟುಕು ನೀರು ಸಾಕು. ಸೋಸಲೆಂದು ಟವೆಲ್ ಹಿಡಿಯುತ್ತಾರೆ, ಅದರ ಎಳೆ ಹೋಗಿ ಕಾರ್ಬೊರೇಟರ್ ಜೆಟ್ಟಿನಲ್ಲಿ ಕೂರುತ್ತದೆ.

ಆಮೇಲೆ ಟ್ಯಾಂಕಿನ ತಳದ ಎಣ್ಣೆಯನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿ. ಸ್ವಲ್ಪ ಹೊತ್ತು ಅಲುಗಾಡಿಸಬೇಡ. ತಳದಲ್ಲಿ ಬೇರೆ ಪದರ ಕಂಡರೆ ನಿನ್ನ ಅರ್ಧ ಕೆಲಸ ಮುಗಿಯಿತು. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತ ಪೆಟ್ರೋಲ್, ಶೇ. 20ರಷ್ಟು ಬೆರೆಸಿದ್ದು 2023ರಿಂದ ಮಾರಾಟಕ್ಕೆ ಬಂತು. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಕೂಡಿ ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ, ಎಂಜಿನ್ ಇಂಧನ ಎಳೆಯುವುದು ತಳದಿಂದಲೇ. ಎರಡು ಸ್ಟ್ರೋಕಿನ ಎಂಜಿನ್‌ಗೆ ಇದು ಇನ್ನೂ ಅಪಾಯ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆ, ಕೆಳಗಿನದರಲ್ಲಿ ಆಯಿಲ್ ಇರುವುದಿಲ್ಲ, ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ. ಅಂಥ ಎಣ್ಣೆಯನ್ನು ಪೂರ್ತಿ ಚೆಲ್ಲಿಸು. ಹೊಸದನ್ನು ಮೇಲೆ ಸುರಿದು ಸರಿಮಾಡೋಣ ಎನ್ನುವವರ ಮಾತು ಕೇಳಬೇಡ.

ಎಣ್ಣೆ ಚೊಕ್ಕ ಇದ್ದರೆ ಹಗ್ಗವನ್ನು ಏಳೆಂಟು ಸಲ ಜಗ್ಗಿ ಪ್ಲಗ್ ಬಿಚ್ಚಿ ನೋಡು. ಒಣಗಿದ್ದರೆ ಎಣ್ಣೆ ಬರುತ್ತಿಲ್ಲ. ತೋಯ್ದಿದ್ದರೆ ಎಣ್ಣೆ ಹೆಚ್ಚಾಗಿದೆ, ಇಲ್ಲವೇ ಕಿಡಿ ಇಲ್ಲ. ಹತ್ತು ನಿಮಿಷ ಓಡಿ ನಿಂತು, ಟ್ಯಾಂಕಿನ ಮುಚ್ಚಳ ತೆಗೆದರೆ ಮತ್ತೆ ಚಾಲೂ ಆಗುವ ಎಂಜಿನ್ನಿನಲ್ಲಿ ಮುಚ್ಚಳದ ಗಾಳಿ ತೂತು ಮುಚ್ಚಿರುತ್ತದೆ. ಅದಕ್ಕೆ ಹೊಸ ಕಾರ್ಬೊರೇಟರ್ ಹಾಕಿಸಿಕೊಂಡು ಹೋದ ರೈತರನ್ನು ನಾನು ಕಂಡಿದ್ದೇನೆ. ಅದು ಅನ್ಯಾಯ.

ಚೋಕ್ ಹಾಕಿದರೆ ಓಡಿ, ಚೋಕ್ ತೆಗೆದ ಕೂಡಲೇ ಸಾಯುತ್ತಿದ್ದರೆ ಮಾತ್ರ ಜೆಟ್ಟಿನ ಮೇಲೆ ಅನುಮಾನ ಪಡು. ಆಗ ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾರ್ಬೊರೇಟರ್‌ನ ಕೆಳಗಿನ ಬೌಲ್ ಇಳಿಸು. ನಿಂತ ಪೆಟ್ರೋಲ್ ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಆರಿ, ಬೌಲಿನ ತಳದಲ್ಲಿ ಬೆಲ್ಲದ ಪಾಕದಂತೆ ಕಂದಾಗಿ ಅಂಟಿರುತ್ತದೆ. ಹಳೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ನೀರು ನಿಂತಿದ್ದರೆ ಬಿಳಿಯ ಪುಡಿ ಕೂತಿರುತ್ತದೆ. ಜೆಟ್ ತೆಗೆದು ಆಕಾಶಕ್ಕೆ ಹಿಡಿ. ಅದರ ತೂತು ಸೂಜಿ ಮೊನೆಗಿಂತ ದೊಡ್ಡದಲ್ಲ; ದುಂಡಗೆ, ಚೊಕ್ಕವಾಗಿ ಬೆಳಕು ಕಾಣಬೇಕು. ಕಾಣದಿದ್ದರೆ ಕ್ಲೀನರ್ ಹೊಡೆದು ನೆನೆಯಲು ಬಿಡು, ಗಾಳಿ ಊದು, ಅದಕ್ಕೂ ಬಗ್ಗದಿದ್ದರೆ ವೈರಿನ ತಾಮ್ರದ ಒಂದೇ ಒಂದು ಎಳೆ ಆಡಿಸು. ಉಕ್ಕಿನ ಪಿನ್ನು, ಸೂಜಿ ಮುಟ್ಟಲೇಬೇಡ. ಕಲಿಯುವ ದಿನಗಳಲ್ಲಿ ನಾನು ಹೊಲಿಗೆ ಸೂಜಿಯಿಂದ ಒಂದು ಜೆಟ್ ಚುಚ್ಚಿದ್ದೆ. ಎಂಜಿನ್ ಓಡಿತು, ರೈತ ಖುಷಿಯಿಂದ ಹೋದ. ತೂತು ಅಗಲವಾಗಿತ್ತು. ಆ ಹಂಗಾಮು ಪೂರ್ತಿ ಆ ಪಂಪ್ ಕರಿ ಹೊಗೆ ಬಿಟ್ಟು ಅವನ ಎಣ್ಣೆ ತಿಂದಿತು. ದುಡ್ಡು ಅವನದು, ತಪ್ಪು ನನ್ನದು. ಈಗ ನೆನೆದರೂ ಮನಸ್ಸಿಗೆ ಕಸಿವಿಸಿ.

ಬೌಲಿನೊಳಗಿನ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸು. ಒಳಗೆ ಎಣ್ಣೆ ಕುಲುಕಿದರೆ ಅದು ತೂತಾಗಿದೆ. ಅದರ ಮುಳ್ಳಿನ ಮೊನೆ ಸವೆದಿದ್ದರೆ ಪೆಟ್ರೋಲ್ ನಿಲ್ಲದೆ ಇಳಿದು ಕೆಳಗಿನ ಎಂಜಿನ್ ಆಯಿಲ್‌ಗೂ ಸೇರುತ್ತದೆ. ಆಯಿಲ್ ಕಡ್ಡಿಯ ವಾಸನೆ ನೋಡು. ಪೆಟ್ರೋಲ್ ನಾತ ಬಂದರೆ ಆಯಿಲ್ ಬದಲಿಸದೆ ಚಾಲೂ ಮಾಡಬೇಡ. ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಮೆಲ್ಲಗೆ ಕೊನೆಯವರೆಗೆ ಬಿಗಿದು, ಎಷ್ಟು ಸುತ್ತು ಎಂದು ಎಣಿಸಿ ಬರೆದಿಡು. ಬ್ರಷ್ ಕಟರ್‌ನಲ್ಲೂ ಕೆಲವು ಸ್ಪ್ರೇಯರ್‌ಗಳಲ್ಲೂ ಫ್ಲೋಟ್ ಇರುವುದಿಲ್ಲ, ತೆಳು ರಬ್ಬರಿನ ಹಾಳೆ ಇರುತ್ತದೆ. ಅದಕ್ಕೆ ಜೋರು ಗಾಳಿ ಹೊಡೆದರೆ ಹರಿಯುತ್ತದೆ. ಹಾಳೆ ಗಟ್ಟಿಯಾಗಿದ್ದರೆ ಬದಲಿಸು, ಒತ್ತುವ ಬಲ್ಬ್, ಪೈಪ್ ಬಿರುಕು ಬಿಟ್ಟಿವೆಯೇ ಎಂದೂ ನೋಡು.

ಸೀಮೆಎಣ್ಣೆ ಪಂಪ್ ತಂದವರಿಗೆ ಒಂದೇ ಮಾತು ಹೇಳು: ಪೆಟ್ರೋಲಿನಲ್ಲಿ ಚಾಲೂ ಮಾಡಿದಂತೆ ನಿಲ್ಲಿಸುವ ಮೊದಲೂ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಬೌಲಿನಲ್ಲಿ ಅದೇ ಉಳಿದು, ಬೆಳಿಗ್ಗೆ ತಣ್ಣಗಿನ ಎಂಜಿನ್ ಎಷ್ಟು ಜಗ್ಗಿದರೂ ಏಳುವುದಿಲ್ಲ. ಎರಡು ಸ್ಟ್ರೋಕಿನ ಆಯಿಲ್ ಅಳತೆಯೂ ಅಂದಾಜಿನದಾಗಬಾರದು. 1:25 ಎಂದಿದ್ದರೆ ಲೀಟರಿಗೆ 40 ಮಿಲಿ, 1:50 ಎಂದಿದ್ದರೆ 20 ಮಿಲಿ. ಕಂಪನಿಯ ಪುಸ್ತಕ ನೋಡಿ ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆದುಕೊಡು.

ಇನ್ನು ನಿನ್ನ ಜೀವದ ವಿಷಯ. ಸ್ಪ್ರೇಯರ್ ಎಂದರೆ ಕೀಟನಾಶಕ ಹತ್ತಿದ ಯಂತ್ರ. ತೊಳೆದ ಮೇಲೆಯೇ ಮುಟ್ಟು, ಆಮೇಲೆ ಕೈ ತೊಳೆದೇ ಊಟಕ್ಕೆ ಕೂರು. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯುವ ಚಟ ನಮ್ಮಲ್ಲಿ ಬಹಳ ಮಂದಿಗಿದೆ, ನೀನು ಎಂದೂ ಮಾಡಬೇಡ. ಬೌಲ್ ಬಿಚ್ಚಿದ ಕಡೆ ಬೀಡಿ ಸೇದುವವರು ಗಿರಾಕಿಯೇ ಆಗಿರಲಿ, ಹೊರಗೆ ಕಳಿಸು.

ನೆಲ್ಲಿಗೆ ಜಿಗಿಹುಳು ಬಿದ್ದ ದಿನ ಸ್ಪ್ರೇಯರ್ ಹೊತ್ತು ಬಂದವನಿಗೆ ನಾಳೆ ಬಾ ಎನ್ನಬೇಡ. ಹಂಗಾಮು ಮುಗಿದ ಮೇಲೆ ಯಂತ್ರವನ್ನು ಮನೆಗೆ ಒಯ್ಯುವವನನ್ನೂ ಒಂದು ಗಳಿಗೆ ನಿಲ್ಲಿಸು. ಟ್ಯಾಂಕ್ ಖಾಲಿ ಮಾಡಿಸಿ, ಬೌಲಿನ ಎಣ್ಣೆ ಮುಗಿದು ತಾನೇ ನಿಲ್ಲುವ ತನಕ ಎಂಜಿನ್ ಓಡಿಸಿ ಕಳಿಸು. ಐದು ನಿಮಿಷದ ಕೆಲಸ ಅದು. ಅದಕ್ಕೆ ದುಡ್ಡು ಕೇಳಬೇಡ, ತಮ್ಮಾ.